ಎಲ್ಲಿಂದ ಎಂಬ ಕಾಲಮ್ಮು

ಬೆಳಿಗ್ಗೆ ಏಳಕ್ಕೆ ಕಂಬ ಹತ್ತಿ
ವ್ಯಾಸಲಿನ್ ಸವರಿದ ಗಾಜು ಬಿಚ್ಚಿ ತರುವುದು ನನ್ನ ಕೆಲಸ.
ನಿನ್ನೆಯ ಗಾಳಿ ಅಂಟಿರುತ್ತದೆ ಅದರಲ್ಲಿ:
ಸಿಲ್ವರ್ ಓಕಿನ ಪರಾಗ, ನುಸಿಯ ಒಂದೇ ರೆಕ್ಕೆ,
ಸುಂಟಿಕೊಪ್ಪದ ಲಾರಿಗಳ ಮಸಿ,
ಮತ್ತೆ ಅವು.

ಸೂಕ್ಷ್ಮದರ್ಶಕದ ಕೆಳಗೆ ಅವು
ಕಿತ್ತಳೆಯ ತೊಳೆಗಳು. ಇಗ್ಗುತ್ತಪ್ಪನಾಣೆ, ಅದೇ ಆಕಾರ.
ಬೆನ್ನೆಲ್ಲ ಮುಳ್ಳು, ಹೊಟ್ಟೆ ಮಾತ್ರ ನುಣುಪು.
ಕಿತ್ತಳೆ ಗಿಡಗಳು ಒಣಗಿಹೋದ ಊರಿಗೆ
ಯಾರೋ ಹಣ್ಣು ಸುಲಿದು
ಗಾಳಿಯ ಕೈಲಿ ಕಳಿಸಿದ ಹಾಗೆ.

ಎಣಿಸುತ್ತೇನೆ. ಹದಿನೇಳು.
ಹೂಮಳೆ ಬಿದ್ದ ನಾಲ್ಕನೆಯ ದಿನ ನಲವತ್ತು.
ಪುಸ್ತಕದಲ್ಲಿ ತಾರೀಖು, ಗಾಳಿಯ ದಿಕ್ಕು, ಸಂಖ್ಯೆ.
'ಎಲ್ಲಿಂದ' ಎಂಬ ಕಾಲಮ್ಮು
ಮೊದಲಿಂದಲೂ ಖಾಲಿ.

ಮಾಕುಟ್ಟದ ಗೇಟಿನಲ್ಲಿ ಮೂಟೆ ಇಳಿಸಿ ನೋಡುತ್ತಾರೆ,
ಬಾಳೆಗೊನೆಗೂ ಚೀಟಿ ಕೇಳುತ್ತಾರೆ.
ಇವು ಅದೇ ಗೇಟಿನ ಮೇಲಿಂದ
ಕಾವಲಿನವನ ಬೀಡಿ ಹೊಗೆಯ ಜೊತೆ
ತಲೆ ತಗ್ಗಿಸದೆ ದಾಟುತ್ತವೆ.
ಹಿಂದೊಮ್ಮೆ ಕಡಲನ್ನೇ ದಾಟಿದವಂತೆ,
ಹಡಗಿನಲ್ಲೋ, ಮೋಡದಲ್ಲೋ,
ಯಾವನದೋ ಟೊಪ್ಪಿಯ ಅಂಚಿನಲ್ಲೋ.
ನೋಡಿದವರಿಲ್ಲ.

ಪೆಮ್ಮಯ್ಯ ಬಂದು ಮೇಜಿನ ಮೇಲೆ ಎಲೆ ಮಗುಚಿಟ್ಟ.
ಹಿಂಬದಿಯೆಲ್ಲ ಹುಡಿ, ಉಗುರಿಗೆ ಹತ್ತುವಂಥದು.
"ಬೊಳ್ಳವ್ವನ ತೋಟದ್ದು ಇದು. ಮೈಲುತುತ್ತ ಹೊಡೆಸಲು
ಕೈ ಬಿಚ್ಚಲಿಲ್ಲ ಅವಳು. ಬರೆದುಕೊಡಿ, ಸೀಲು ಹಾಕಿ."
ಗಾಳಿಗೆ ಸರ್ವೆ ನಂಬರಿಲ್ಲ ಪೆಮ್ಮಯ್ಯ, ಅಂದೆ.
ಚೆನ್ನಾಗಿತ್ತು ಮಾತು.
ಸಂಜೆಯವರೆಗೂ ನನಗೇ ಹೆಮ್ಮೆ.

ಆಮೇಲೆ ಮೊಳೆಗೆ ನೇತುಹಾಕಿದ ಖಾಕಿ ಕೋಟು ಕಂಡಿತು.
ಸುಮ್ಮನೆ, ಕೈ ಖಾಲಿ ಇತ್ತೆಂದು,
ಎಡತೋಳಿಗೆ ಟೇಪು ಒತ್ತಿ, ಕಿತ್ತು,
ಗಾಜಿಗೆ ಅಂಟಿಸಿ ಬಗ್ಗಿದೆ.

ನೂರರವರೆಗೆ ಎಣಿಸಿ ಬಿಟ್ಟೆ.

ಎಲೆಗೆ ಬಿದ್ದದ್ದು ಹುಡಿಯಾಗಿ ಏಳಲು ಮೂರು ವಾರ.
ಬೆರಳು ಮಡಿಸಿದೆ.
ಮೂರು ವಾರದ ಹಿಂದಿನ ಶುಕ್ರವಾರ
ಮಾದರಿ ಎಲೆ ಕೀಳಲು ಹೋದದ್ದು
ಬೆಳಿಗ್ಗೆ ಬೊಳ್ಳವ್ವನಲ್ಲಿಗೆ,
ಮಧ್ಯಾಹ್ನ ಪೆಮ್ಮಯ್ಯನಲ್ಲಿಗೆ.
ಇದೇ ಕೋಟು. ತಿಂಗಳಿಗೊಮ್ಮೆ ಒಗೆಯುವುದು.
ಅವನ ಸಾಲುಗಳ ನಡುವೆ ನುಸುಳುವಾಗ
ಒದ್ದೆ ಎಲೆಗಳು ತೋಳನ್ನು
ಒಂದೊಂದಾಗಿ ಸವರಿ ಬಿಟ್ಟಿದ್ದವು.
ಆಮೇಲೆ ಅವನ ಮನೆಯಲ್ಲಿ ಕಡಂಬುಟ್ಟು.
ಇನ್ನೊಂದು ಹಾಕಿಕೊಳ್ಳಿ, ಅಂದಿದ್ದ.

ಗಾಳಿಯೂ ತಂದಿರಬಹುದು. ಇರಬಹುದು.

ಇಂದು ಬೆಳಿಗ್ಗೆ ಆ ಕಾಲಮ್ಮಿನಲ್ಲಿ ಮೊದಲ ಸಲ
ಶಾಯಿ ಬಿತ್ತು:
ನನ್ನ ಕೋಟು, ಎಡತೋಳು.
ಪೆಮ್ಮಯ್ಯನಿಗೆ ಫೋನು ಮಾಡಬೇಕು. ಮಾಡಿಲ್ಲ ಇನ್ನೂ.
ಬಕೆಟಿನಲ್ಲಿ ಸೋಪಿನ ನೀರು ತಣ್ಣಗಾಗುತ್ತಿದೆ,
ನಾನು ಬನಿಯನ್ನಿನಲ್ಲೇ ಕಂಬ ಹತ್ತಿ
ಹೊಸ ಗಾಜು ಸಿಕ್ಕಿಸುತ್ತಿದ್ದೇನೆ.
ಗಾಳಿ ಪಡುವಣದ್ದು.