ಒತ್ತು

ಸಂತೇಪೇಟೆಯ ಸೈಕಲ್ ಶಾಪಿನ ಮೇಲೆ ನಮ್ಮ ಆಫೀಸು.
ಎರಡು ಕುರ್ಚಿ, ಒಂದು ಫ್ಯಾನು,
ಮೇಜಿನ ಮೇಲೆ ಕೈಯಲ್ಲಿ ಹಿಡಿಯುವ ನಾಲ್ಕು ಜಾತಿ:
ಡೈರಿಯವರು ಕೊಟ್ಟ ಕರಿಯ ಯಂತ್ರ, ಬೆನ್ನಿಗೆ ರಬ್ಬರ್ ಪಟ್ಟಿ;
ಗಾಜೊಡೆದ ಒಂದು ಫೋನು;
ಸೂಪರ್‌ವೈಜರ್ ಸಾಹೇಬರ ಸೇಬಿನ ಗುರುತಿನದು;
ಮತ್ತೊಂದು ಟ್ಯಾಬು, ಯಾರದೋ, ಚಾರ್ಜು ನಿಲ್ಲದ್ದು.

ನಾಲ್ಕಕ್ಕೂ ಒಂದೇ ಮುಖ ಕೊಡುವ ಲೈಬ್ರರಿಯಂತೆ.
ಒಮ್ಮೆ ಬರೆದರೆ ಸಾಕು, ಎಲ್ಲ ಕೈಯಲ್ಲೂ ಓಡುತ್ತದಂತೆ.
ಇಂಥ ಮಾತು ನಾನು ಕೇಳಿದ್ದು ಎರಡನೇ ಸಲ.
ಮೊದಲ ಸಲ ಹೇಳಿದವನು ಬಸ್ ಸ್ಟ್ಯಾಂಡಿನ ಹೊರಗೆ
ಎಲ್ಲ ಕಾಲಿಗೂ ಆಗುವ ಚಪ್ಪಲಿ ಮಾರುತ್ತಿದ್ದ.

ಇಳಿಸಿಕೊಂಡೆವು. ಅದು ಇಳಿಯಿತು, ಅದರ ಹಿಂದೆ
ಅದು ನಂಬಿಕೊಂಡಿದ್ದ ಇನ್ನು ಮೂವತ್ತೊಂದು ಇಳಿದವು,
ಮದುವೆಗೆ ಒಬ್ಬರನ್ನು ಕರೆದರೆ ಟೆಂಪೊ ತುಂಬ ಬಂದ ಹಾಗೆ.
ಒಂದಕ್ಕೆ ಹಳೆಯ ಆವೃತ್ತಿಯೇ ಬೇಕು, ಇನ್ನೊಂದಕ್ಕೆ ಹೊಸದೇ ಆಗಬೇಕು.
ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಹೊತ್ತಿಗೆ
ರಾತ್ರಿ ಹನ್ನೊಂದೂವರೆ.
ಕೆಂಪು ಎರರುಗಳನ್ನು ಓದುತ್ತಾ ಓದುತ್ತಾ ಶಬೀನಾ ಅಂದಳು,
"ಇವಕ್ಕಿಂತ ನಮ್ಮ ಖಾಲಾ ವಾಸಿ,
ಬೈದರೆ ಯಾಕೆ ಬೈದರು ಅಂತಾದರೂ ಗೊತ್ತಾಗುತ್ತೆ."

ಕೊನೆಗೂ ಕಟ್ಟಿಕೊಂಡಿತು.
ಮೊದಲು ಬರೆದದ್ದು: ಹಾಸನ.
ನಾಲ್ಕು ಪರದೆಯಲ್ಲೂ ಹಾಸನ, ದುಂಡಗೆ, ಪೂರ್ತಿ.
ಹಾಲು ಬರೆದೆವು, ಬಂತು. ಹಸು, ಬಂತು. ಲೀಟರು, ಬಂತು.
ಬೀಗ ಹಾಕಿ ಕೆಳಗಿಳಿದೆವು.

ಊರ ಹೆಸರೇ ಮೋಸ ಮಾಡೀತೆಂದು ಯಾರಿಗೆ ಗೊತ್ತು.

ಮಾರನೇ ಸಂಜೆ, ಶಾಂತಿಗ್ರಾಮದಾಚೆಯ ಡೈರಿ.
ಕರಿಯ ಯಂತ್ರ ಸೆಕ್ರೆಟರಿ ಲಕ್ಕೇಗೌಡರ ಅಂಗೈಯಲ್ಲಿ.
ಸಾಲಿನ ಮೂರನೆಯವರಿಗೆ ನಾಲ್ಕು ಲೀಟರ್ ಇನ್ನೂರು,
ಚೀಟಿ ಹರಿದು ಕೊಟ್ಟರು.
ಆಕೆ ನೋಡಿದರು. ಬಲ್ಬಿನ ಕೆಳಗೆ ಹಿಡಿದು ಇನ್ನೊಮ್ಮೆ ನೋಡಿದರು.
"ಯಾರಿವಳು ಪುಟಮಣಿ?"

ಹೆಸರು ಪುಟ್ಟಮ್ಮಣ್ಣಿ.
ನಲವತ್ತು ದಾಟಿದ ಮೇಲೆ ರಾತ್ರಿಶಾಲೆಗೆ ಹೋದವರು.
"ಒಂದು ಇಡೀ ಮಳೆಗಾಲ ಒತ್ತು ಕಲಿಸಿದ್ರು ನಮ್ಮ ಮೇಷ್ಟ್ರು.
ಮೂರು ಒತ್ತು ಕಣಪ್ಪ ನನ್ನ ಹೆಸರಿಗೆ. ಮೂರನ್ನೂ ಯಾರು ತಿಂದ್ರು?
ಹಾಲು ಈ ಪುಟಮಣೀದಾದ್ರೆ
ದುಡ್ಡೂ ಅವಳಿಗೇ ಹೋಗ್ತದೆ."

ಇಣುಕಿದೆ.
ಎಮ್ಮೆ ಎಮೆ ಆಗಿತ್ತು. ಲೆಕ್ಕ ಲೆಕ ಆಗಿತ್ತು.
ಲಕ್ಕೇಗೌಡರು ಲಕೇಗೌಡರಾಗಿ, ಪಾಪ, ನಗುತ್ತಿದ್ದರು.
ಹಸಿರು ಗುಂಡಿಯ ಮೇಲೆ ಬೆಳಿಗ್ಗೆ ಅವಸರದಲ್ಲಿ ನಾನೇ ಇಟ್ಟ ಮಾತು,
ಒತ್ತು ಅಂತ,
ಅದರಲ್ಲೇ ಒತ್ತಿಲ್ಲ.

ಲೈಬ್ರರಿ ಹೆಣೆದವರು ಯಾವ ಸೀಮೆಯವರೋ.
ಅವರ ಅಕ್ಷರಗಳು ಗೆರೆಯ ಮೇಲೆ ಒಂಟೊಂಟಿ ನಿಲ್ಲುತ್ತವೆ,
ಬಾಲ ಇದ್ದರೂ ಒಂದೆರಡಕ್ಕೆ, ಅದೂ ಗಿಡ್ಡ.
ನಮ್ಮವು ಕಾಲ ಬಳಿ ಕೂಸು ಕೂರಿಸಿಕೊಂಡು ನಿಲ್ಲುವಂಥವು.
ಕೂಸಿಗೆ ಸೀಟು ಬೇಕೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಮಗುಚಿದ ಕ್ಯಾನಿನ ಮೇಲೆ ಲ್ಯಾಪ್‌ಟಾಪ್ ಇಟ್ಟು
ಹಾಸಿಗೆಯನ್ನೇ ಆರು ಚುಕ್ಕಿ ಉದ್ದ ಮಾಡಿದೆ.
ತಿದ್ದಿದ್ದು ಒಂದು ಸಾಲು. ಮತ್ತೆ ಕಟ್ಟಲು ಹನ್ನೊಂದು ನಿಮಿಷ.
ಹಿಂದಿನಿಂದ ಯಾರೋ, "ನಿನ್ನ ಹೆಸರು ನೆಟ್ಟಗಾಗೋದ್ರೊಳಗೆ
ನಮ್ಮ ಹಾಲು ಒಡೀತದೆ ಕಣಕ್ಕ."
ಪುಟ್ಟಮ್ಮಣ್ಣಿ ಕದಲಲಿಲ್ಲ.

ಚೀಟಿ ಬಂತು.
ಹೆಬ್ಬೆರಳ ಉಗುರಿನಿಂದ ಒಂದೊಂದನ್ನೇ ಮುಟ್ಟಿ ಎಣಿಸಿದರು,
ಟ, ಮ, ಣ.
ಸೆರಗಿನ ತುದಿಗೆ ಗಂಟು ಹಾಕಿಕೊಂಡು
ಯಂತ್ರದ ಕಡೆ ಗಲ್ಲ ತೋರಿಸಿ ಕೇಳಿದರು,
"ಇದು ಎಷ್ಟನೇ ಕ್ಲಾಸು?"

ಈಗ ಯಾವ ಹೊಸ ಯಂತ್ರ ಮೇಜಿಗೆ ಬಂದರೂ
ಮೊದಲು ಬರೆಯುವುದು ಹಾಸನ ಅಲ್ಲ,
ಆಕೆಯ ಹೆಸರು.
ಟ್ಯಾಬಿನಲ್ಲಿ ಮಾತ್ರ ಕೊನೆಯ ಒತ್ತು ಇನ್ನೂ ಅರ್ಧವೇ ಕಾಣುತ್ತಿದೆ.
ಚಾರ್ಜು ನಿಂತರೆ ನಾಳೆ ನೋಡಬೇಕು.