ಬುಧವಾರದ ಒಣದ್ರಾಕ್ಷಿ

ಟಿಬಿಲಿಸಿಯಲ್ಲಿ ಫೆಬ್ರುವರಿ. ಬುಧವಾರ ಸಂಜೆ ಆರು.
ಅಂಗರಚನಾ ವಿಭಾಗದ ಹಿಂದಿನ ಕೋಣೆಯಲ್ಲಿ
ಶಾಖದ ಕೊಳವೆ ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಹದಿನಾಲ್ಕು ಜನ ಕೋಟು ಬಿಚ್ಚದೇ ಕೂತಿದ್ದೇವೆ.
ಒತ್ತಡ ಕಳೆಯುವ ತರಗತಿ;
ಹಾಜರಿ ಕಡ್ಡಾಯ.

ಖಾತುನಾ ಒಂದೊಂದು ಅಂಗೈಗೂ ಒಂದೊಂದು
ಒಣದ್ರಾಕ್ಷಿ ಹಾಕುತ್ತ ಬಂದಳು.
ಮೂವತ್ತು ವರ್ಷ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ದಾದಿಯಾಗಿದ್ದವಳು,
ಮಾತು ಕಮ್ಮಿ, ಮಂಡಿನೋವು ಜಾಸ್ತಿ.
"ತಿನ್ನಬೇಡಿ. ಹಿಂದೆಂದೂ ಕಂಡಿಲ್ಲವೆಂಬಂತೆ ನೋಡಿ."
ಅಷ್ಟರಲ್ಲಿ ರೇಜೋ ನುಂಗಿಯಾಗಿತ್ತು.
ಬೆಳಗಿನಿಂದ ಅವನ ಹೊಟ್ಟೆಗೆ ಬಿದ್ದ ಮೊದಲ ತುತ್ತು ಅದು.

ಕಂಡಿಲ್ಲವೆಂಬಂತೆ ಹೇಗೆ ನೋಡಲಿ?
ಕಾಖೇತಿಯವಳು ನಾನು,
ದ್ರಾಕ್ಷಿ ತುಳಿದ ಕೆಂಪು ಹಿಮ್ಮಡಿಯಲ್ಲೇ ಶಾಲೆಗೆ ಹೋದವಳು.
ಆದರೂ ಸುಕ್ಕುಗಳ ನಡುವೆ
ತೊಟ್ಟು ಕಿತ್ತ ಗಾಯವೊಂದು ಕಂಡಿತು, ಸೂಜಿಮೊನೆಯಷ್ಟು.
ಇಪ್ಪತ್ತೆರಡು ವರ್ಷ ಈ ಹೊಕ್ಕುಳು ನನಗೆ ಕಂಡೇ ಇರಲಿಲ್ಲ.

ಆಮೇಲೆ ಚಾಪೆಯ ಮೇಲೆ ಅಂಗಾತ.
"ಎಡಗಾಲಿನ ಹೆಬ್ಬೆರಳಿಗೆ ಮನಸ್ಸನ್ನು ಕಳಿಸಿ. ಸುಮ್ಮನೆ ಅಲ್ಲಿರಿ."
ನನ್ನ ಮನಸ್ಸು ಸುಮ್ಮನೆ ಹೋಗುವ ಜಾತಿಯದಲ್ಲ,
ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಹೊರಟಿತು:
ಫ್ಯಾಲಾಂಜಸ್, ಮೆಟಟಾರ್ಸಲ್, ಕ್ಯೂಬಾಯ್ಡ್, ಟೇಲಸ್,
ಮಂಡಿಗೆ ಬರುವ ಹೊತ್ತಿಗೆ ಎದೆ ಡವಡವ,
ಶುಕ್ರವಾರದ ಮೌಖಿಕ ಪರೀಕ್ಷೆ ಬಂದು
ತೊಡೆಯ ಮೇಲೆ ಕೂತಿತ್ತು.

ಗೋಡೆಯಾಚೆ ನಮ್ಮ ಆರನೆಯ ಮೇಜಿನವನು ಮಲಗಿದ್ದಾನೆ.
ಅವನೂ ಅಂಗಾತ.
ಹೆಸರು ಗೊತ್ತಿಲ್ಲ. ಬಲಗೈಯ ಎರಡು ಬೆರಳು
ಸಿಗರೇಟಿನ ಹೊಗೆಗೆ, ನಮ್ಮ ಅಡುಗೆಯ
ಚೆಂಡುಹೂವಿನ ಪುಡಿಯಷ್ಟು ಹಳದಿ.
ಅವನ ಎಳೆಎಳೆಗೂ ಹೆಸರು ಹುಡುಕಿ
ದಾರ ಕಟ್ಟಿ ಚೀಟಿ ತೂಗಿಬಿಟ್ಟೆವು.
ಮೊದಲ ದಿನ ಹೊರಗೋಡಿ ವಾಂತಿ ಮಾಡಿದ್ದನ್ನು
ನಾನು ಯಾರಿಗೂ ಹೇಳಲಿಲ್ಲ.
ಎರಡನೆಯ ವಾರ ಅವನ ಪಕ್ಕದಲ್ಲೇ ನಿಂತು
ರಾತ್ರಿಯ ಊಟದ ಮಾತಾಡಿ ನಕ್ಕದ್ದನ್ನೂ.

ಖಾತುನಾ ನನ್ನ ತಲೆಯ ಹತ್ತಿರ ಕೂತಳು; ಮಂಡಿ ಲಟಕ್ಕೆಂದಿತು.
"ಹೆಸರು ಹೇಳುತ್ತಿದ್ದೀಯಾ?"
"ಹೂಂ."
"ಹೇಳು. ಹೇಳಿ ಮುಗಿದ ಮೇಲೂ ಕಾಲು ಅಲ್ಲೇ ಇರುತ್ತದೆ."

ಆರು ವಾರವಾಯಿತು. ನಾನೇನೂ ಸಂನ್ಯಾಸಿನಿಯಾಗಲಿಲ್ಲ.
ಮೂರು ಸಲ ನಿದ್ದೆ ಹೋದೆ, ಒಮ್ಮೆ ಗೊರಕೆ ಹೊಡೆದೆನಂತೆ.
ಉಸಿರು ಎಣಿಸಹೋಗಿ ಉಸಿರೇ ಕಟ್ಟಿ
ಎದ್ದು ಹೊರಗೆ ಹೋದದ್ದೂ ಉಂಟು.
ರೇಜೋ ಓದು ಬಿಟ್ಟ. ಯಾಕೆಂದು ನಾವ್ಯಾರೂ ಕೇಳಲಿಲ್ಲ;
ಅವನ ಚಾಪೆಯನ್ನು ಖಾತುನಾ ಮಾತ್ರ
ಪ್ರತಿ ಬುಧವಾರ ಹಾಸುತ್ತಾಳೆ.

ನಿನ್ನೆ ರಾತ್ರಿ ವಾರ್ಡಿನಲ್ಲಿ, ಮೂರು ಗಂಟೆ.
ಎಟೆರಿ ಅಜ್ಜಿಯ ಕೈ: ಕಾಗದದ ಚರ್ಮ, ಜಾರುವ ರಕ್ತನಾಳ.
ಒಮ್ಮೆ ಚುಚ್ಚಿದೆ, ಸಿಗಲಿಲ್ಲ.
ಮತ್ತೊಮ್ಮೆ.
ಬಾಗಿಲಲ್ಲಿ ನಿಂತ ಹಿರಿಯ ವೈದ್ಯ ಗಡಿಯಾರ ನೋಡಿದ.
ನನ್ನ ಕಿವಿ ಕಾದ ಬಾಣಲೆ,
ಮೂರನೆಯ ಸೂಜಿಯ ಪೊಟ್ಟಣವನ್ನು
ಬೆರಳುಗಳು ನನ್ನ ಕೇಳದೆಯೇ ಹರಿಯುತ್ತಿದ್ದವು.

ಆಗ, ಎಡಗಾಲಿನ ಹೆಬ್ಬೆರಳು.
ಬೂಟಿನೊಳಗೆ, ಒದ್ದೆ ಕಾಲುಚೀಲದೊಳಗೆ,
ಲ್ಯಾಟಿನ್ನಿಲ್ಲದೆ, ತಣ್ಣಗೆ,
ಇದೆ.
ಅದರ ಕೆಳಗೆ ನೆಲ.

ಸೂಜಿಯನ್ನು ತಟ್ಟೆಯಲ್ಲಿಟ್ಟೆ.
"ನನ್ನಿಂದ ಆಗುತ್ತಿಲ್ಲ ಅಜ್ಜಿ. ಬಲ್ಲವರನ್ನು ಕರೆಯುತ್ತೇನೆ."
ವೈದ್ಯ ಏನೋ ಗೊಣಗಿದ,
ಬೀದಿಯಲ್ಲಿ ಲಾರಿ ಹಾದುಹೋದ ಹಾಗೆ ಅದೂ ಕೇಳಿಸಿತು.
ಅಜ್ಜಿ ಹತ್ತಿಯನ್ನು ತಾನೇ ಒತ್ತಿಹಿಡಿದು
ಇನ್ನೊಂದು ಕೈಯಲ್ಲಿ ದಿಂಬಿನಡಿ ತಡಕಿದಳು.
"ಏನಾದರೂ ತಿಂದೆಯಾ ಮಗೂ?"

ಅರ್ಧ ಅಕ್ರೋಟು.
ಥೇಟ್ ಮೆದುಳಿನ ಹಾಗೆ ಎನ್ನಹೊರಟ ಬಾಯನ್ನು
ಮುಚ್ಚಿ, ಜಗಿದೆ.
ಸಿಪ್ಪೆ ಕೊಂಚ ಕಹಿಯಿತ್ತು.