ಹನ್ನೊಂದು ಮೀಟರ್

ದಾನ್ಕೊನ ಅಂಗಡಿಯ ಮೇಜಿನ ಮೇಲೆ ಎರಡು ಕೇಬಲ್ಲು.
ಒಂದಕ್ಕೆ ನೀಲಿ ತಲೆ, ಹದಿನೈದು ಸಣ್ಣ ಸೂಜಿ,
ಇಕ್ಕೆಲದಲ್ಲಿ ತಿರುಪು. ಒಮ್ಮೆ ಬಿಗಿದರೆ
ಪುಂತಾ ಅರೆನಾಸಿನ ಗಾಳಿಯೂ ಕೀಳಲಾರದು.
ಇನ್ನೊಂದರದು ಬಿಳಿ ತಲೆ, ಅಗಲ ಬಾಯಿ,
ಹಲ್ಲು ಎಣಿಸಲು ಹೋಗಿ ಎರಡು ಸಲ ತಪ್ಪಿದೆ.

"ಯಾವುದು ಬೇಕು, ಒರ್ಫೆಲಿನಾ?"
ತಣ್ಣಗಾದ ಕಾಫಿ ಹೀರುತ್ತ ಕೇಳಿದ.

ಬೇಕಾದದ್ದು ನನಗಲ್ಲ, ಹಡಗುಕಟ್ಟೆಗೆ.
ಕಂಪ್ಯೂಟರ್ ಇರುವುದು ಒಳಕೋಣೆಯಲ್ಲಿ, ಒಲೆಯ ಪಕ್ಕ,
ನನ್ನ ಕಾಲು ಬೆಚ್ಚಗಿರುವಲ್ಲಿ.
ಮಾನಿಟರ್ ಹೊರಗೆ, ಕಾಯುವವರ ಬೆಂಚಿನ ಎದುರು.
ನಡುವೆ ಒಂದು ಗೋಡೆ, ಒಂದು ಮೂಲೆ, ನೀರೆತ್ತುವ ಮೋಟಾರು.
ಅಳೆದಿದ್ದೇನೆ: ಹನ್ನೊಂದು ಮೀಟರ್.
ಜಲಸಂಧಿ ದಾಟುವ ಹಡಗು ಎಷ್ಟಕ್ಕೆ ಹೊರಡುತ್ತದೆ,
ಗಾಳಿ ಬಿಡುತ್ತದೋ ಇಲ್ಲವೋ,
ಒಂಬತ್ತು ವರ್ಷದಿಂದ ಒಂದು ನೀಲಿ ತಲೆಯೇ
ಹೇಳಿಕೊಂಡು ಬಂದಿದೆ.

ಹೇಳುತ್ತದೆ, ಇಲ್ಲವೆನ್ನಲಾರೆ.
ಆದರೆ ಪ್ರತಿ ಅಕ್ಷರದ ಬಲಕ್ಕೂ ಒಂದು ನೆರಳು.
ಮೋಟಾರು ಶುರುವಾದರೆ ಪರದೆಯ ತುಂಬ ತೆರೆ.
ಬೆಳಿಗ್ಗೆ ಹಚ್ಚಿದಾಗ ಚಿತ್ರ ಎಡಕ್ಕೆ ಜಾರಿ, ಬಲಕ್ಕೆ ಜಾರಿ,
ಚಾಪೆಯ ಮೇಲೆ ಜಾಗ ಹುಡುಕುವ ಮುದಿ ನಾಯಿಯ ಹಾಗೆ
ಸುತ್ತಿ ಸುತ್ತಿ ಕೊನೆಗೆಲ್ಲೋ ಕೂರುತ್ತದೆ.

ಆ ನೆರಳೇ ಹೋದ ಗುರುವಾರ ಮೋಸ ಮಾಡಿದ್ದು.
ಕುರಿಯ ಉಣ್ಣೆ ಕತ್ತರಿಸುವ ಎವರಿಸ್ತೊ,
ಪೊರ್ವೆನೀರಿಗೆ, ತಂಗಿಯ ಮದುವೆಗೆ ಹೊರಟವನು,
ಕಾಲಿಗೆ ಹೊಸ ಬೂಟು, ತೊಡೆಯ ಮೇಲೆ ಕೇಕಿನ ಪೆಟ್ಟಿಗೆ,
ಹದಿನಾರು ಗಂಟೆಯನ್ನು ಹದಿನೆಂಟೆಂದು ಓದಿ
ಎದುರಿನ ಹೋಟೆಲಿಗೆ ಸೂಪು ಕುಡಿಯಲು ಹೋದ.
ಬರುವಷ್ಟರಲ್ಲಿ ಹಡಗು ಬೆರಳಿನ ಉಗುರಿನಷ್ಟು.
ಬೈಯಲಿಲ್ಲ.
ಪರದೆಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ,
"ಆರರ ತಲೆ ಮುಚ್ಚಿಕೊಂಡಿದೆಯಲ್ಲ" ಎಂದ.
ಕೇಕನ್ನು ಅಲ್ಲಿದ್ದವರಿಗೆಲ್ಲ ಹಂಚಿದ.
ನನ್ನ ಪಾಲು ಗಂಟಲಲ್ಲಿ ಇಳಿಯಲಿಲ್ಲ.

ದಾನ್ಕೊ ಎರಡನ್ನೂ ಕೈಯಲ್ಲಿ ತೂಗಿ ಹೇಳಿದ:
"ನೀಲಿಯದು ಎಷ್ಟು ದೂರ ಎಳೆದರೂ ಬರುತ್ತದೆ,
ಬರುತ್ತ ಬರುತ್ತ ಮಸುಕಾಗುತ್ತದೆ, ಅಷ್ಟೆ.
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.
ಬಿಳಿಯದು ಕಡ್ಡಿ ಮುರಿದ ಹಾಗೆ.
ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.
ಐದು ಮೀಟರ್ ದಾಟಿದರೆ ಮಿಣುಕು, ಆಮೇಲೆ ಕಪ್ಪು.
ಹನ್ನೊಂದಕ್ಕೆ ನಾನು ಹೊಣೆಯಲ್ಲ.
ನನ್ನ ಕೇಳಿದರೆ ನೀಲಿಯದೇ ತಗೋ, ಹೊಸದು, ದಪ್ಪನೆಯದು,
ನೆರಳು ಅರ್ಧ ಕಡಿಮೆಯಾಗುತ್ತದೆ."

ಅರ್ಧ ನೆರಳು.
ಪರದೆ ಪೂರ್ತಿ ಕಪ್ಪಾದ ದಿನ ಏನಾಗುತ್ತದೆಂದು ನನಗೆ ಗೊತ್ತು:
ಜನ ಎದ್ದು ಬಂದು ನನ್ನ ಬಾಗಿಲು ಬಡಿಯುತ್ತಾರೆ,
ಕೂಗಾಡುತ್ತಾರೆ, ಗಂಟೆ ಕೇಳಿಕೊಂಡು ಹೋಗುತ್ತಾರೆ.
ಮಸುಕಾದರೆ ಯಾರೂ ಬಡಿಯುವುದಿಲ್ಲ.
ತಮ್ಮ ಕಣ್ಣನ್ನೇ ಬೈದುಕೊಂಡು
ತೋಚಿದ್ದನ್ನು ಓದಿಕೊಳ್ಳುತ್ತಾರೆ.

"ಬಿಳಿಯದು ಕೊಡು. ಎರಡು ಮೀಟರಿನದು."
"ಉಳಿದ ಒಂಬತ್ತು?"
"ನಾನು ನಡೆಯುತ್ತೇನೆ."

ಈಗ ನನ್ನ ಮೇಜು ಹೊರಗೆ, ಬೆಂಚಿನ ಪಕ್ಕ.
ಒಲೆ ದೂರ. ಎರಡೆರಡು ಕಾಲುಚೀಲ.
ಮಕ್ಕಳು ಕೀಬೋರ್ಡಿನ ಮೇಲೆ ಬಿಸ್ಕತ್ತು ಉದುರಿಸುತ್ತವೆ.
ಹಳೆಯ ನೀಲಿ ತಲೆಯ ಕೇಬಲ್ಲಿನಿಂದ
ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲನ್ನು ಕಟ್ಟಿದ್ದೇನೆ,
ಆ ಕೆಲಸಕ್ಕೆ ಅದರಷ್ಟು ಗಟ್ಟಿ ಇನ್ನೊಂದಿಲ್ಲ.
ಪರದೆಯ ಮೇಲೆ ಅಂಕಿಗಳು
ಚಾಕುವಿನಿಂದ ಕೊರೆದ ಹಾಗೆ ನಿಂತಿವೆ.

ಇವತ್ತು ಎವರಿಸ್ತೊ ಬಂದ,
ಮದುವೆ ತಪ್ಪಿತು, ತಂಗಿಯ ಮುಖವನ್ನಾದರೂ ನೋಡಲು.
ಪರದೆಯ ಕಡೆ ತಿರುಗಲೇ ಇಲ್ಲ.
ನೇರ ನನ್ನ ಹತ್ತಿರ ಬಂದು, ಟೋಪಿ ತೆಗೆದು ಕೇಳಿದ:
"ಹಡಗು ಎಷ್ಟಕ್ಕೆ?"
"ಹದಿನಾರಕ್ಕೆ" ಎಂದೆ.
"ಆರು ತಾನೆ? ತಲೆ ತೆರೆದ ಆರು?"
"ತಲೆ ತೆರೆದ ಆರು."

ಬೆಂಚಿನ ತುದಿಯಲ್ಲಿ ಕೂತ.
ಸೂಪಿಗೆ ಹೋಗಲಿಲ್ಲ.